ಬೀಳುವುದಕ್ಕೂ ಒಂದು ಲೆಕ್ಕವಿದೆ: ‘ದಿ ಜನರಲ್’ ಇಂದಿಗೂ ನಗಿಸುವುದು ಹೇಗೆ?

ರೈಲು ಇಂಜಿನ್ನಿನ ದೊಡ್ಡ ಚಕ್ರಗಳನ್ನು ಒಂದಕ್ಕೊಂದು ಜೋಡಿಸಿರುವ ಉಕ್ಕಿನ ದಂಡದ ಮೇಲೆ ಒಬ್ಬ ಡ್ರೈವರ್ ಕೂತಿದ್ದಾನೆ. ಅವನು ಪ್ರೀತಿಸುವ ಹುಡುಗಿ ಈಗಷ್ಟೇ ಬಂದು, ಸೈನ್ಯದ ಸಮವಸ್ತ್ರ ತೊಡುವ ತನಕ ನನ್ನ ಹತ್ತಿರ ಮಾತಾಡಬೇಡ ಎಂದು ಹೇಳಿ ಹೋಗಿದ್ದಾಳೆ. ಅವನ ಮುಖದಲ್ಲಿ ಅಳುವಿಲ್ಲ, ಸಿಟ್ಟೂ ಇಲ್ಲ. ಎಲ್ಲೋ ನೋಡುತ್ತ ಸುಮ್ಮನೆ ಕೂತಿದ್ದಾನೆ. ಅಷ್ಟರಲ್ಲಿ ಒಳಗೆ ಯಾರೋ ಇಂಜಿನ್ ಹೊರಡಿಸುತ್ತಾರೆ. ದಂಡ ನಿಧಾನಕ್ಕೆ ಮೇಲೇಳುತ್ತದೆ, ಮುಂದಕ್ಕೆ ಬಾಗಿ ಕೆಳಗಿಳಿಯುತ್ತದೆ, ಮತ್ತೆ ಮೇಲೇಳುತ್ತದೆ. ಅದರ ಜೊತೆ ಅವನೂ ಏರುತ್ತಾನೆ, ಇಳಿಯುತ್ತಾನೆ, ಏರುತ್ತಾನೆ. ಕೂತ ಭಂಗಿ ಮಾತ್ರ ಹಾಗೇ ಇರುತ್ತದೆ. ಇಂಜಿನ್ ಶೆಡ್ಡಿನೊಳಗೆ ಹೋಗುವ ಹೊತ್ತಿಗೆ ತಾನು ಚಲಿಸುತ್ತಿದ್ದೇನೆ ಎಂಬುದು ಅವನ ಅರಿವಿಗೆ ಬರುತ್ತದೆ.

ದೃಶ್ಯ ಇಷ್ಟೇ. ಮಾತಿಲ್ಲ, ಯಾರೂ ಜಾರಿ ಬೀಳುವುದಿಲ್ಲ, ಯಾರ ಮುಖಕ್ಕೂ ಏನೂ ಬಡಿಯುವುದಿಲ್ಲ. ಆದರೂ ನೋಡಿದವರು ನಗುತ್ತಾರೆ, ನಕ್ಕ ಮೇಲೆ ಸ್ವಲ್ಪ ಸಂಕಟವನ್ನೂ ಪಡುತ್ತಾರೆ. 1926ರಲ್ಲಿ ತಯಾರಾದ ‘ದಿ ಜನರಲ್’ ಎಂಬ ಮೂಕಿಚಿತ್ರದ ದೃಶ್ಯ ಇದು. ದಂಡದ ಮೇಲೆ ಕೂತವನು ಬಸ್ಟರ್ ಕೀಟನ್. ನಟ ಅವನೇ, ಕ್ಲೈಡ್ ಬ್ರಕ್ಮನ್ ಜೊತೆ ಸೇರಿ ನಿರ್ದೇಶಿಸಿದವನೂ ಅವನೇ. ಚಿತ್ರಕ್ಕೆ ಈಗ ಸುಮಾರು ನೂರು ವರ್ಷ. ನೂರು ವರ್ಷದ ಹಿಂದಿನ ನಗೆಹನಿಗಳನ್ನು ಇಂದು ಓದಿದರೆ ಬಹುಪಾಲು ಸಪ್ಪೆ ಅನ್ನಿಸುತ್ತವೆ. ಮಾತಿನ ಹಾಸ್ಯ ಬೇಗ ಹಳಸುತ್ತದೆ, ಆ ಕಾಲದ ರಾಜಕಾರಣ, ಆ ಕಾಲದ ಬೈಗುಳ ಗೊತ್ತಿಲ್ಲದವರಿಗೆ ಅದು ತಾಗುವುದಿಲ್ಲ. ಈ ಚಿತ್ರ ಮಾತ್ರ ಯಾಕೆ ಹಳಸಲಿಲ್ಲ?

‘ಮಾತಿಲ್ಲವಲ್ಲ, ಅದಕ್ಕೆ ಎಲ್ಲರಿಗೂ ಅರ್ಥವಾಗುತ್ತದೆ’ ಎಂಬುದು ಎಲ್ಲರೂ ಕೊಡುವ ಉತ್ತರ. ಅದು ಪೂರ್ತಿ ಸರಿಯಲ್ಲ. ಮಾತಿಲ್ಲದ ಹಾಸ್ಯಚಿತ್ರಗಳು ಆ ಕಾಲದಲ್ಲಿ ನೂರುಗಟ್ಟಲೆ ಬಂದವು, ಹೆಚ್ಚಿನವು ಇಂದು ಸಂಶೋಧಕರಿಗಷ್ಟೇ ಬೇಕಾಗಿವೆ. ನನ್ನ ಮಟ್ಟಿಗೆ ಉತ್ತರ ಬೇರೆ. ಈ ಚಿತ್ರದಲ್ಲಿ ನಗು ಹುಟ್ಟುವುದು ಅನಾಹುತದಿಂದಲ್ಲ, ಅನಾಹುತದ ಲೆಕ್ಕ ನಮ್ಮ ಕಣ್ಣೆದುರೇ ಬಿಡಿಸಿಕೊಳ್ಳುವುದರಿಂದ. ಯಾವುದು ಯಾವುದಕ್ಕೆ ತಾಗಿತು, ಅದರಿಂದ ಏನು ಉರುಳಿತು, ಉರುಳಿದ್ದು ಎಲ್ಲಿಗೆ ಬಂದು ನಿಂತಿತು, ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಕಾಣುತ್ತದೆ. ಲೆಕ್ಕ ಅಂದಮೇಲೆ ಅದಕ್ಕೆ ಹಳೆಯದು ಹೊಸದು ಎಂಬುದಿಲ್ಲ.

ಮೊದಲು ‘ಸ್ಲಾಪ್‌ಸ್ಟಿಕ್’ ಎಂಬ ಮಾತನ್ನೇ ಬಿಚ್ಚಿ ನೋಡೋಣ. ಬೀಳುವ, ಬಡಿಯುವ ಇಂಥ ಹಾಸ್ಯಕ್ಕೆ ಇಂಗ್ಲಿಷಿನಲ್ಲಿರುವ ಹೆಸರದು. ಅದು ನಿಜವಾಗಿಯೂ ಒಂದು ಕೋಲಿನ ಹೆಸರು. ಇಟಲಿಯ ಹಳೆಯ ಮುಖವಾಡದ ನಾಟಕಗಳಲ್ಲಿ ವಿದೂಷಕನ ಕೈಯಲ್ಲಿ ಎರಡು ತೆಳು ಮರದ ಪಟ್ಟಿಗಳನ್ನು ಹಿಡಿಯ ಕಡೆ ಮಾತ್ರ ಕೂಡಿಸಿದ ಒಂದು ಕೋಲು ಇರುತ್ತಿತ್ತು. ಬೀಸಿ ಹೊಡೆದರೆ ಎರಡು ಪಟ್ಟಿಗಳೂ ಒಂದಕ್ಕೊಂದು ಬಡಿದು ‘ಚಟಾರ್’ ಅಂತ ದೊಡ್ಡ ಸದ್ದಾಗುತ್ತಿತ್ತು, ಪೆಟ್ಟು ಮಾತ್ರ ಅಷ್ಟಕ್ಕಷ್ಟೇ. ಸದ್ದು ದೊಡ್ಡದು, ನೋವು ಚಿಕ್ಕದು. ಈ ಜಾತಿಯ ಹಾಸ್ಯದ ಗುಟ್ಟೆಲ್ಲ ಆ ಕೋಲಿನಲ್ಲೇ ಇದೆ.

2010ರಲ್ಲಿ ಪೀಟರ್ ಮೆಕ್‌ಗ್ರಾ ಮತ್ತು ಕೇಲೆಬ್ ವಾರೆನ್ ಎಂಬ ಇಬ್ಬರು ಸಂಶೋಧಕರು ಇದನ್ನೇ ಸಿದ್ಧಾಂತದ ಭಾಷೆಯಲ್ಲಿ ಹೇಳಿದರು. ಏನೋ ಒಂದು ನಡೆಯಬಾರದ ರೀತಿಯಲ್ಲಿ ನಡೆಯಬೇಕು, ಅದೇ ಹೊತ್ತಿಗೆ ಅದರಿಂದ ನಿಜವಾದ ಕೇಡಿಲ್ಲ ಎಂಬ ಧೈರ್ಯವೂ ನಮಗಿರಬೇಕು. ಎರಡೂ ಒಟ್ಟಿಗೆ ಇದ್ದಾಗ ನಗು ಬರುತ್ತದೆ. ನಡೆಯಬಾರದ್ದೇನೂ ನಡೆಯದಿದ್ದರೆ ಬೇಸರ, ಬರೀ ಕೇಡಾದರೆ ಭಯ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ದೊಣ್ಣೆ ನಿಜವಾಗಿಯೂ ಬೀಸಬೇಕು, ಮತ್ತು ಕೂದಲೆಳೆಯಲ್ಲಿ ತಪ್ಪಬೇಕು. ಕೀಟನ್ನನ ದೊಣ್ಣೆಗಳು ಟನ್ನುಗಟ್ಟಲೆ ತೂಗುತ್ತಿದ್ದವು ಎಂಬುದೇ ಅವನ ವಿಶೇಷ.

ಚಿತ್ರದ ಕತೆ ನಿಜವಾಗಿ ನಡೆದದ್ದು. 1862ರ ಏಪ್ರಿಲ್ 12ರಂದು, ಅಮೆರಿಕದ ಅಂತರ್ಯುದ್ಧದ ನಡುವೆ, ಜೇಮ್ಸ್ ಆಂಡ್ರ್ಯೂಸ್ ಎಂಬವನ ಮುಂದಾಳತ್ವದಲ್ಲಿ ಉತ್ತರದ ಪಡೆಯ ಕೆಲವರು ಮಾರುವೇಷದಲ್ಲಿ ದಕ್ಷಿಣದ ಜಾರ್ಜಿಯಾ ರಾಜ್ಯಕ್ಕೆ ನುಗ್ಗಿದರು. ಬಿಗ್ ಶಾಂಟಿ ಎಂಬ ನಿಲ್ದಾಣದಲ್ಲಿ ರೈಲಿನವರು, ಪ್ರಯಾಣಿಕರು ತಿಂಡಿಗೆ ಇಳಿದಾಗ ‘ಜನರಲ್’ ಎಂಬ ಇಂಜಿನ್ನನ್ನೇ ಕದ್ದು ಉತ್ತರಕ್ಕೆ ಓಡಿಸಿದರು. ದಾರಿಯುದ್ದಕ್ಕೂ ಹಳಿ ಕೀಳುವುದು, ತಂತಿ ಕತ್ತರಿಸುವುದು, ಸೇತುವೆ ಸುಡುವುದು ಅವರ ಯೋಜನೆ. ಆ ರೈಲಿನ ಕಂಡಕ್ಟರ್ ವಿಲಿಯಂ ಫುಲ್ಲರ್ ಬಿಡಲಿಲ್ಲ. ಮೊದಲು ಕಾಲ್ನಡಿಗೆಯಲ್ಲೇ ಓಡಿದ, ಆಮೇಲೆ ಕೈಯಿಂದ ತಳ್ಳುವ ಟ್ರಾಲಿ, ಆಮೇಲೆ ಸಿಕ್ಕ ಇಂಜಿನ್ನುಗಳು, ಕೊನೆಗೆ ‘ಟೆಕ್ಸಾಸ್’ ಎಂಬ ಇಂಜಿನ್ನನ್ನು ಹಿಮ್ಮುಖವಾಗಿಯೇ ಓಡಿಸಿ ಬೆನ್ನಟ್ಟಿದ. ಕಳ್ಳರು ಸೌದೆ, ನೀರು ಮುಗಿದು ಸಿಕ್ಕಿಬಿದ್ದರು. ಆಂಡ್ರ್ಯೂಸ್ ಸೇರಿ ಎಂಟು ಜನರನ್ನು ದಕ್ಷಿಣದವರು ಗಲ್ಲಿಗೇರಿಸಿದರು.

ಗಲ್ಲಿನಲ್ಲಿ ಮುಗಿದ ಈ ಕತೆಯಲ್ಲಿ ಕೀಟನ್ನನಿಗೆ ನಗು ಕಂಡದ್ದು ಎಲ್ಲಿ? ಮೇಲಿನ ಪ್ಯಾರಾವನ್ನು ಇನ್ನೊಮ್ಮೆ ಓದಿ. ಕಾಲ್ನಡಿಗೆಯಲ್ಲಿ ರೈಲು ಬೆನ್ನಟ್ಟುವುದು, ಹಿಮ್ಮುಖ ಓಡುವ ಇಂಜಿನ್, ಹಳಿಯ ಮೇಲೆ ದಿಮ್ಮಿ ಎಸೆಯುತ್ತ ಹೋಗುವ ಕಳ್ಳರು. ಗ್ಯಾಗುಗಳು, ಅಂದರೆ ನಗಿಸುವ ಪ್ರಸಂಗಗಳು, ಚರಿತ್ರೆಯಲ್ಲೇ ಸಾಲಾಗಿ ನಿಂತಿದ್ದವು. ಅವನು ಮಾಡಿದ ದೊಡ್ಡ ಬದಲಾವಣೆ ಅಂದರೆ, ಬೆನ್ನಟ್ಟುವವನನ್ನು ಒಂಟಿ ಮಾಡಿದ. ಚಿತ್ರದ ನಾಯಕ ಜಾನಿ ಗ್ರೇ ಇಂಜಿನ್ ಡ್ರೈವರ್. ಸೈನ್ಯಕ್ಕೆ ಸೇರಲು ಹೋದರೆ, ಸೈನಿಕನಿಗಿಂತ ಡ್ರೈವರಾಗಿಯೇ ಇವನು ಹೆಚ್ಚು ಉಪಯೋಗ ಎಂದು ಅಧಿಕಾರಿಗಳು ತಿರಸ್ಕರಿಸುತ್ತಾರೆ, ಆದರೆ ಕಾರಣ ಅವನಿಗೆ ಹೇಳುವುದಿಲ್ಲ. ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಇಂಜಿನ್ ಕಳವಾದಾಗ ಅವನು ಓಡುತ್ತಾನೆ, ಹಿಂದೆ ಎಲ್ಲರೂ ಬರುತ್ತಿದ್ದಾರೆ ಎಂದು ನಂಬಿಕೊಂಡು. ತಿರುಗಿ ನೋಡಿದರೆ ಯಾರೂ ಇಲ್ಲ. ಮುಂದೆ ಒಂದು ಊರಿನಲ್ಲಿ ಬೇರೊಂದು ಇಂಜಿನ್ ಹತ್ತಿ, ಸೈನಿಕರು ತುಂಬಿದ ಬೋಗಿಯನ್ನು ಕಟ್ಟಿಕೊಂಡು ಹೊರಡುತ್ತಾನೆ. ಕೊಂಡಿ ಸಿಕ್ಕಿಸಿರುವುದೇ ಇಲ್ಲ. ಇಂಜಿನ್ ಹೋಗುತ್ತದೆ, ಸೈನ್ಯ ನಿಂತಲ್ಲೇ ನಿಂತಿರುತ್ತದೆ.

ಒಂಟಿ ಮನುಷ್ಯ, ದೊಡ್ಡ ಯಂತ್ರ, ಒಂದೇ ಹಳಿ. ಇಡೀ ಚಿತ್ರದ ಸಾಮಗ್ರಿ ಇಷ್ಟೇ. ಹಳಿಯ ಮೇಲಿನ ಬೆನ್ನಟ್ಟುವಿಕೆಗೆ ಬೀದಿಯಲ್ಲಿ ನಡೆಯುವ ಬೆನ್ನಟ್ಟುವಿಕೆಗಿಲ್ಲದ ಒಂದು ಗುಣವಿದೆ. ಇಲ್ಲಿ ಓಣಿಗೆ ತಿರುಗುವಂತಿಲ್ಲ, ಗೋಡೆ ಹಾರುವಂತಿಲ್ಲ. ಮುಂದೆ, ಹಿಂದೆ, ಇಲ್ಲವೇ ಪಾಯಿಂಟ್ಸ್ ಇರುವ ಕಡೆ ಪಕ್ಕದ ಹಳಿಗೆ. ನಿಯಮ ಇಷ್ಟು ಬಿಗಿಯಾಗಿರುವುದರಿಂದ ನೋಡುವವನು ಕೂಡ ಆಟಕ್ಕೆ ಇಳಿಯುತ್ತಾನೆ. ಅಗೋ ಅಲ್ಲಿ ದಿಮ್ಮಿ ಬಿದ್ದಿದೆ, ಇವನು ಇನ್ನೂ ನೋಡಿಲ್ಲ, ಈಗೇನು ಮಾಡುತ್ತಾನೆ? ಮಾತಿನ ಫಲಕಗಳು ಬರುವುದು ಅಪರೂಪ, ಬೇಕಾಗುವುದೂ ಇಲ್ಲ.

ಫಿರಂಗಿಯ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಾನು ಅದನ್ನು ಹಿಂದೆ ಸರಿಸಿ ಸರಿಸಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ಒಂದು ಕ್ಷಣ ಉಸಿರು ಹಿಡಿಯುತ್ತೇನೆ.

ಜಾನಿಯ ಇಂಜಿನ್ನಿನ ಹಿಂದೆ ಒಂದು ಗಾಡಿ, ಅದರ ಮೇಲೆ ಗಿಡ್ಡ ದಪ್ಪ ಫಿರಂಗಿ. ಮುಂದೆ ಓಡುತ್ತಿರುವ ಕಳ್ಳರ ರೈಲಿಗೆ, ತನ್ನ ಇಂಜಿನ್ನಿನ ತಲೆಯ ಮೇಲಿಂದ ಹಾಯುವಂತೆ ಗುಂಡು ಹಾರಿಸಬೇಕು. ಮೊದಲ ಸಲ ಚಿಟಿಕೆಯಷ್ಟು ಮದ್ದು ಹಾಕುತ್ತಾನೆ. ಗುಂಡು ‘ಪುಸ್’ ಎಂದು ನೆಗೆದು ಅವನ ಕ್ಯಾಬಿನ್ನಿಗೇ ಬಂದು ಬೀಳುತ್ತದೆ. ಅದನ್ನು ಮೆಲ್ಲಗೆ ಹೊರಗೆ ಉರುಳಿಸುತ್ತಾನೆ. ಎರಡನೇ ಸಲ ಡಬ್ಬಿಯನ್ನೇ ಬಗ್ಗಿಸುತ್ತಾನೆ. ಬತ್ತಿ ಹಚ್ಚಿ ವಾಪಸು ಬರುವಾಗ ಕಾಲು ಕೊಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಬಿಡಿಸಿಕೊಳ್ಳುವ ಗಡಿಬಿಡಿಯಲ್ಲಿ ಫಿರಂಗಿಯ ಗಾಡಿ ಕಳಚಿಕೊಳ್ಳುತ್ತದೆ. ಕಳಚಿದ ಕೊಂಡಿ ಸ್ಲೀಪರುಗಳ ಮೇಲೆ ಕುಟ್ಟುತ್ತ ಬರುತ್ತದೆ. ಕುಟ್ಟಿದ ಹಾಗೆ ಗಾಡಿ ಅದುರುತ್ತದೆ, ಅದುರಿದ ಹಾಗೆ ಫಿರಂಗಿಯ ಬಾಯಿ ಒಂದೊಂದೇ ಅಂಗುಲ ಕೆಳಗಿಳಿಯುತ್ತದೆ. ಆಕಾಶ ನೋಡುತ್ತಿದ್ದದ್ದು ಈಗ ನೇರವಾಗಿ ಜಾನಿಯನ್ನು ನೋಡುತ್ತಿದೆ. ಬತ್ತಿ ಉರಿಯುತ್ತಿದೆ. ಅವನು ಒಂದು ಸೌದೆ ತುಂಡು ಎಸೆದು ನೋಡುತ್ತಾನೆ, ಹುಚ್ಚುನಾಯಿಗೆ ಕಲ್ಲೆಸೆದ ಹಾಗೆ. ಆಮೇಲೆ ಸೌದೆಯ ರಾಶಿ ಹತ್ತಿ, ಇಂಜಿನ್ ದಾಟಿ, ಎಲ್ಲಕ್ಕಿಂತ ಮುಂದಿರುವ ಕೌಕ್ಯಾಚರಿನ (ಹಳಿಗೆ ಅಡ್ಡ ಬಂದದ್ದನ್ನು ಸರಿಸಲು ಇಂಜಿನ್ನಿನ ಮುಂದೆ ಕಟ್ಟಿದ ಇಳಿಜಾರು ಚೌಕಟ್ಟು) ತುದಿಗೆ ಓಡುತ್ತಾನೆ. ಅದೇ ಹೊತ್ತಿಗೆ ಹಳಿ ತಿರುವು ತೆಗೆದುಕೊಳ್ಳುತ್ತದೆ. ಇಂಜಿನ್ ತಿರುಗುತ್ತದೆ, ಹಿಂದಿರುವ ಫಿರಂಗಿ ಇನ್ನೂ ತಿರುಗಿಲ್ಲ. ಢಂ! ಗುಂಡು ಅವನ ಪಕ್ಕದಿಂದ ನೇರ ಹೋಗಿ ಕಳ್ಳರ ರೈಲಿನ ಹತ್ತಿರವೇ ಸಿಡಿಯುತ್ತದೆ. ಹಿಂದೆ ಭಾರೀ ಪಡೆಯೇ ಬರುತ್ತಿದೆ ಎಂದು ಅವರು ಬೆದರುತ್ತಾರೆ.

ಇಲ್ಲಿ ಬರುವ ಪ್ರತಿಯೊಂದಕ್ಕೂ ಕಾರಣ ಕೊಡಬಹುದು. ಕೊಂಡಿ ಕಳಚಿದ್ದಕ್ಕೆ ಕಾಲು, ಬಾಯಿ ಇಳಿದದ್ದಕ್ಕೆ ಅದುರು, ಗುಂಡು ತಪ್ಪಿದ್ದಕ್ಕೆ ತಿರುವು. ಅದೃಷ್ಟವೂ ಇಲ್ಲಿ ರೇಖಾಗಣಿತದ ವೇಷ ಹಾಕಿಕೊಂಡೇ ಬರುತ್ತದೆ. ಜಾನಿಯ ಬುದ್ಧಿ ತಿರುಗುಬಾಣವಾಗುತ್ತದೆ, ಆ ತಿರುಗುಬಾಣವೇ ಕೊನೆಗೆ ಗುರಿ ಮುಟ್ಟುತ್ತದೆ. ಇದನ್ನು ಚೂರು ಚೂರು ಶಾಟುಗಳಲ್ಲಿ ಕತ್ತರಿಸಿ ತೋರಿಸಿದ್ದರೆ ನಾವು ನಿರ್ದೇಶಕನ ಮಾತು ನಂಬಬೇಕಾಗುತ್ತಿತ್ತು. ಕ್ಯಾಮೆರಾ ದೂರ ನಿಂತು ಮನುಷ್ಯ, ಫಿರಂಗಿ, ತಿರುವು ಮೂರನ್ನೂ ಒಟ್ಟಿಗೆ ತೋರಿಸುವುದರಿಂದ ನಾವೇ ಸಾಕ್ಷಿಗಳಾಗುತ್ತೇವೆ.

ಇನ್ನೊಂದು ಅದಕ್ಕಿಂತ ಚಿಕ್ಕದು. ಕಳ್ಳರು ಹಳಿಯ ಮೇಲೆ ಮರದ ದಿಮ್ಮಿಗಳನ್ನು ಬೀಳಿಸುತ್ತ ಹೋಗುತ್ತಾರೆ. ಜಾನಿ ಇಂಜಿನ್ ನಿಧಾನ ಮಾಡಿ, ಇಳಿದು ಓಡಿ, ಒಂದು ದಿಮ್ಮಿಯನ್ನು ಕಷ್ಟಪಟ್ಟು ಎತ್ತುತ್ತಾನೆ. ಅಷ್ಟರಲ್ಲಿ ಹಿಂದಿನಿಂದ ಬಂದ ಅವನದೇ ಇಂಜಿನ್ ಅವನನ್ನು ಕೌಕ್ಯಾಚರಿನಲ್ಲಿ ಬಾಚಿಕೊಳ್ಳುತ್ತದೆ. ಮಡಿಲಲ್ಲಿ ದಿಮ್ಮಿ, ಎದುರಿಗೆ ಹಳಿಗೆ ಅಡ್ಡಲಾಗಿ ಇನ್ನೊಂದು ದಿಮ್ಮಿ. ಎದ್ದೇಳಲು ಜಾಗವಿಲ್ಲ. ಅವನು ಕೈಯಲ್ಲಿರುವ ದಿಮ್ಮಿಯನ್ನು ಎತ್ತಿ ಎದುರಿನದರ ತುದಿಗೆ ಕುಕ್ಕುತ್ತಾನೆ. ಅದು ಏತದ ಹಾಗೆ ಚಿಮ್ಮಿ, ಎರಡೂ ಹಳಿಯಾಚೆ ಬೀಳುತ್ತವೆ. ಒಂದೇ ಶಾಟ್. ಸಮಸ್ಯೆಯೇ ಸಲಕರಣೆಯಾಯಿತು. ನಗುವಿನ ಜೊತೆ ‘ಅರೆ, ಹೌದಲ್ಲ!’ ಎಂಬ ಉದ್ಗಾರ ಬರುವುದು ಇಂಥ ಕಡೆ. ಕಠಿಣ ಲೆಕ್ಕವೊಂದು ಎರಡೇ ಸಾಲಿನಲ್ಲಿ ಬಿಡಿಸಿದಾಗ ಆಗುವ ಸಂತೋಷ ಇದಕ್ಕೆ ತೀರಾ ಹತ್ತಿರದ್ದು. ದಿಮ್ಮಿ ನಿಜ, ಇಂಜಿನ್ ನಿಜ, ಒಂದು ಕ್ಷಣ ತಡವಾಗಿದ್ದರೆ ಇಂಜಿನ್ ಹಳಿ ತಪ್ಪುವುದೂ ನಿಜ.

ಆರಂಭದಲ್ಲಿ ಹೇಳಿದ ದಂಡದ ದೃಶ್ಯವೂ ಅಷ್ಟೇ. ನೋಡಲು ತೊಟ್ಟಿಲು ತೂಗಿದಂತಿದೆ, ಆದರೆ ಉಗಿ ಇಂಜಿನ್ ಹೊರಡುವಾಗ ಉಗಿ ಸ್ವಲ್ಪ ಹೆಚ್ಚು ಬಿಟ್ಟರೂ ಚಕ್ರಗಳು ಹಿಡಿತ ತಪ್ಪಿ ನಿಂತಲ್ಲೇ ಗಿರ್ರನೆ ತಿರುಗಿಬಿಡಬಹುದು. ಆಗ ದಂಡದ ಮೇಲೆ ಕೂತವನ ಗತಿ ಹೇಳಬೇಕಾಗಿಲ್ಲ.

ಈ ಧೈರ್ಯ ಎಲ್ಲಿಂದ ಬಂತು ಎಂಬುದಕ್ಕೆ ಅವನ ಬಾಲ್ಯ ನೋಡಬೇಕು. 1895ರಲ್ಲಿ ಕ್ಯಾನ್ಸಾಸ್ ರಾಜ್ಯದಲ್ಲಿ ಹುಟ್ಟಿದ ಕೀಟನ್ ಇನ್ನೂ ಚಿಕ್ಕ ಮಗುವಾಗಿದ್ದಾಗಲೇ ಅಪ್ಪ ಅಮ್ಮನ ಜೊತೆ ರಂಗಕ್ಕೆ ಹತ್ತಿದ. ಅವರ ಆಟದಲ್ಲಿ ಅಪ್ಪ ಜೋ ಈ ತುಂಟ ಮಗನನ್ನು ಹಿಡಿದು ರಂಗದ ಈ ಕಡೆಯಿಂದ ಆ ಕಡೆಗೆ ಎಸೆಯುತ್ತಿದ್ದ. ಎಸೆಯಲು ಸುಲಭವಾಗಲಿ ಎಂದು ಹುಡುಗನ ಅಂಗಿಯ ಬೆನ್ನಿಗೆ ಸೂಟ್‌ಕೇಸಿನ ಹಿಡಿಕೆ ಹೊಲಿದಿದ್ದರು. ಬೀಳುವುದು ಹೇಗೆ ಎಂಬ ವಿದ್ಯೆಯನ್ನು ಅವನು ಅಕ್ಷರಾಭ್ಯಾಸಕ್ಕೂ ಮೊದಲೇ ಕಲಿತ. (ಆ ಅಪ್ಪ ‘ದಿ ಜನರಲ್’ನಲ್ಲಿ ಉತ್ತರದ ಸೇನಾಧಿಕಾರಿಯ ಸಣ್ಣ ಪಾತ್ರದಲ್ಲಿದ್ದಾನೆ.) ಇನ್ನೊಂದು ವಿದ್ಯೆಯನ್ನೂ ಅಲ್ಲೇ ಕಲಿತ. ಬಿದ್ದು ಎದ್ದು ತಾನು ನಕ್ಕರೆ ಜನ ನಗುವುದಿಲ್ಲ, ಏನೂ ಆಗಿಲ್ಲವೆಂಬಂತೆ ಗಂಭೀರವಾಗಿ ನೋಡಿದರೆ ಸಭೆ ಬಿದ್ದು ಬಿದ್ದು ನಗುತ್ತದೆ. ‘ಕಲ್ಲುಮೊಗದವ’ ಎಂಬ ಬಿರುದು ಅವನಿಗೆ ಅಂಟಿಕೊಂಡದ್ದು ಹಾಗೆ.

ಆ ಮುಖ ನಿಜಕ್ಕೂ ಕಲ್ಲೇ? ಚಿತ್ರದ ಬೋಗಿಯ ಪ್ರಸಂಗ ನೋಡಿ. ಕಳ್ಳರು ತಮ್ಮ ರೈಲಿನಿಂದ ಒಂದು ಬೋಗಿ ಕಳಚಿ ಇವನ ದಾರಿಗೆ ಬಿಡುತ್ತಾರೆ. ಇವನು ಅದನ್ನು ಪಕ್ಕದ ಹಳಿಗೆ ದಾಟಿಸಿ ನಿಟ್ಟುಸಿರು ಬಿಡುತ್ತಾನೆ. ಆ ಪಕ್ಕದ ಹಳಿ ಮುಂದೆ ಮುಖ್ಯ ಹಳಿಗೇ ಬಂದು ಸೇರುತ್ತದೆ. ಇವನು ಬೇರೆ ಕೆಲಸದಲ್ಲಿದ್ದು ತಲೆಯೆತ್ತಿದರೆ, ಬೋಗಿ ಮತ್ತೆ ಎದುರಿಗೇ ಇದೆ! ಇಂಜಿನ್ ನಿಧಾನ ಮಾಡಲು ತಿರುಗುತ್ತಾನೆ. ಅಷ್ಟರಲ್ಲಿ ಬೋಗಿ ಹಳಿಯ ಮೇಲಿನ ದಿಮ್ಮಿಗೆ ತಾಗಿ ಉರುಳಿಹೋಗುತ್ತದೆ. ಮತ್ತೆ ನೋಡಿದರೆ ಹಳಿ ಖಾಲಿ. ಅವನು ರೆಪ್ಪೆ ಬಡಿಯುತ್ತಾನೆ. ಅಷ್ಟೇ, ಒಂದೆರಡು ಸಲ ರೆಪ್ಪೆ ಬಡಿಯುತ್ತಾನೆ. ಆ ರೆಪ್ಪೆಯಲ್ಲಿ ಬೆರಗು, ಸಂಶಯ, ತನ್ನ ತಲೆಯ ಮೇಲಿನ ಅಪನಂಬಿಕೆ ಎಲ್ಲವೂ ಇದೆ ಎಂದು ನಮಗನ್ನಿಸುತ್ತದೆ.

ಅನ್ನಿಸುತ್ತದೆ ಎಂಬುದೇ ಇಲ್ಲಿ ಮುಖ್ಯ. ಅದೇ ಆಸುಪಾಸಿನ ಕಾಲದಲ್ಲಿ ರಷ್ಯಾದ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದ್ದ. ಭಾವವಿಲ್ಲದ ಒಂದೇ ಮುಖದ ತುಣುಕನ್ನು ಒಮ್ಮೆ ಊಟದ ಬಟ್ಟಲಿನ ಚಿತ್ರದ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದ. ನೋಡಿದವರು ಅದೇ ಮುಖದಲ್ಲಿ ಹಸಿವನ್ನೂ ಕಂಡರು, ದುಃಖವನ್ನೂ ಕಂಡರು. ಖಾಲಿ ಮುಖಕ್ಕೆ ಭಾವ ತುಂಬುವುದು ನೋಡುವವರು. ಕೀಟನ್ ಈ ಖಾಲಿ ಜಾಗವನ್ನು ಚಿತ್ರದುದ್ದಕ್ಕೂ ನಮಗೆ ಬಿಟ್ಟುಕೊಟ್ಟಿದ್ದಾನೆ. ಆ ಕಾಲದ ಬೇರೆ ಚಿತ್ರಗಳ ನಟರು ಕಣ್ಣು ಅರಳಿಸಿ ಎದೆ ಬಡಿದುಕೊಂಡದ್ದು ಇಂದು ಅತಿಯೆನಿಸಿದರೆ ಅದಕ್ಕೆ ಕಾರಣ, ಅಭಿನಯದ ಆ ಶೈಲಿಯೇ ಹಳೆಯದಾಗಿದೆ. ಅಭಿನಯವನ್ನೇ ಅಷ್ಟು ಕಡಿಮೆ ಮಾಡಿದವನಿಗೆ ಹಳೆಯದಾಗುವ ಭಯ ಎಲ್ಲಿ?

ಇದರ ಇನ್ನೊಂದು ಮಗ್ಗುಲನ್ನು ಫ್ರೆಂಚ್ ತತ್ವಜ್ಞಾನಿ ಹೆನ್ರಿ ಬರ್ಗ್‌ಸನ್ 1900ರಷ್ಟು ಹಿಂದೆಯೇ ಹೇಳಿದ್ದ. ಜೀವಂತ ಮನುಷ್ಯ ಯಂತ್ರದಂತೆ ವರ್ತಿಸಿದಾಗ ನಮಗೆ ನಗು ಬರುತ್ತದೆ ಎಂಬುದು ಅವನ ವಾದ. ಎದುರಿಗೆ ಕಂಬ ಬಂದರೂ ನಡಿಗೆ ಬದಲಿಸದೆ ಹೋಗಿ ಡಿಕ್ಕಿ ಹೊಡೆಯುವವನನ್ನು ನೆನೆಸಿಕೊಳ್ಳಿ. ‘ದಿ ಜನರಲ್’ನಲ್ಲಿ ಜಾನಿ ಸೌದೆಗಾಡಿಯ ಮೇಲೆ ನಿಂತು ಕೊಡಲಿಯಿಂದ ಸೌದೆ ಕಡಿಯುತ್ತಲೇ ಇರುವ ಒಂದು ಶಾಟ್ ಇದೆ. ಅವನ ಬೆನ್ನ ಹಿಂದೆ ಅವನದೇ ಕಡೆಯ ಇಡೀ ಸೈನ್ಯ ಹಿಮ್ಮೆಟ್ಟಿ ಓಡುತ್ತದೆ, ಆಮೇಲೆ ಶತ್ರುಸೈನ್ಯ ಮುನ್ನುಗ್ಗುತ್ತದೆ. ಇವನು ತಲೆಯೆತ್ತುವುದಿಲ್ಲ. ಯುದ್ಧದ ಗತಿಯೇ ಬದಲಾಯಿತು, ಕೊಡಲಿಯ ಲಯ ಬದಲಾಗಲಿಲ್ಲ. ಬರ್ಗ್‌ಸನ್ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆದರೆ ಕೀಟನ್ ಅಲ್ಲಿಗೇ ನಿಲ್ಲುವುದಿಲ್ಲ. ಅವನ ಯಂತ್ರಗಳಿಗೂ ಜೀವ ಬರುತ್ತದೆ. ಇಂಜಿನ್ ಅವನನ್ನು ಬಾಚಿಕೊಳ್ಳುತ್ತದೆ, ಬಿಟ್ಟು ಹೊರಡುತ್ತದೆ, ತೂಗುತ್ತದೆ. ಪ್ರೇಯಸಿಗಿಂತ ಅವನಿಗೆ ಅದೇ ಹೆಚ್ಚು ಹತ್ತಿರ ಅನ್ನಿಸಿದರೆ ತಪ್ಪಿಲ್ಲ.

ಕಟ್ಟೋಣದ ಮಾತೊಂದು ಉಳಿದಿದೆ. ಚಿತ್ರ ಹೆಚ್ಚುಕಡಿಮೆ ನಡುಮಧ್ಯಕ್ಕೆ ಮಡಚಿದ ಕಾಗದದಂತಿದೆ. ಮೊದಲರ್ಧದಲ್ಲಿ ಅವನು ಉತ್ತರಕ್ಕೆ ಬೆನ್ನಟ್ಟುತ್ತಾನೆ, ಎರಡನೆಯರ್ಧದಲ್ಲಿ ತನ್ನ ಇಂಜಿನ್ನನ್ನೂ, ಕಳ್ಳರ ಕೈಗೆ ಸಿಕ್ಕಿಬಿದ್ದಿದ್ದ ಹುಡುಗಿಯನ್ನೂ ಬಿಡಿಸಿಕೊಂಡು ದಕ್ಷಿಣಕ್ಕೆ ಓಡುತ್ತಾನೆ, ಈಗ ಬೆನ್ನಟ್ಟುವವರು ಅವರು. ಮೊದಲು ಅವರು ತಂತಿ ಕತ್ತರಿಸಿದ್ದರು, ಈಗ ಇವನು. ಅವರು ಹಳಿಗೆ ಅಡ್ಡ ಎಸೆದಿದ್ದರು, ಈಗ ಇವನು. ಮಾಡಿದ್ದುಣ್ಣೋ ಮಹರಾಯ! ಮೊದಲರ್ಧದಲ್ಲಿ ನಾವು ಕಲಿತ ಪಾಠಗಳೆಲ್ಲ ಎರಡನೆಯರ್ಧದಲ್ಲಿ ಕೆಲಸಕ್ಕೆ ಬರುತ್ತವೆ. ಯಾವುದನ್ನೂ ಹೊಸದಾಗಿ ವಿವರಿಸಬೇಕಾಗಿಲ್ಲದ ಕಾರಣ ವೇಗ ತಾನಾಗಿ ಹೆಚ್ಚುತ್ತದೆ.

ಚಿತ್ರೀಕರಣ ನಡೆದದ್ದು ಜಾರ್ಜಿಯಾದಲ್ಲಲ್ಲ, ಸಾವಿರಾರು ಮೈಲಿ ದೂರದ ಒರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಎಂಬ ಊರಿನಲ್ಲಿ. ಅಸಲಿ ‘ಜನರಲ್’ ಇಂಜಿನ್ನನ್ನೇ ಬಳಸಬೇಕೆಂದು ಕೀಟನ್ ಕೇಳಿದ್ದ, ಹಾಸ್ಯಚಿತ್ರಕ್ಕೆಂದು ತಿಳಿದ ಮೇಲೆ ಅದರ ಒಡೆತನದ ರೈಲ್ವೆ ಕಂಪನಿ ಕೊಡಲಿಲ್ಲ. ಒರೆಗಾನಿನ ಸೈನಿಕರೇ ಒಮ್ಮೆ ಒಂದು ಸಮವಸ್ತ್ರ ತೊಟ್ಟು ಉತ್ತರದವರಾದರು, ಇನ್ನೊಮ್ಮೆ ಬದಲಿಸಿ ದಕ್ಷಿಣದವರಾದರು. ಸೌದೆ ಇಂಜಿನ್ನುಗಳ ಕಿಡಿಗೆ ಕಾಡಿಗೆ ಬೆಂಕಿ ಬಿದ್ದು, ಚಿತ್ರತಂಡವೇ ಆರಿಸಲು ಓಡಿದ್ದೂ ಆಯಿತು.

1926ರ ಜುಲೈ 23ರಂದು ಸೇತುವೆಯ ದೃಶ್ಯ. ಬೆಂಕಿ ಹತ್ತಿದ ಮರದ ಸೇತುವೆಯ ಮೇಲೆ ರೈಲು ಸಾಗಬೇಕು, ಸೇತುವೆ ಮುರಿದು ರೈಲು ಹೊಳೆಗೆ ಬೀಳಬೇಕು. ಆಟಿಕೆ ಮಾದರಿಯಲ್ಲಿ ಮಾಡಬಹುದಿತ್ತು, ಆ ಕಾಲದಲ್ಲಿ ಅದೇ ರೂಢಿ. ಕೀಟನ್ ಒಪ್ಪಲಿಲ್ಲ. ನಿಜವಾದ ಸೇತುವೆ ಕಟ್ಟಿಸಿ, ನಿಜವಾದ ಇಂಜಿನ್ನನ್ನು ರೌ ನದಿಗೆ ಬೀಳಿಸಿದ. ಆ ಒಂದು ಶಾಟಿಗೆ ಆದ ಖರ್ಚು 42,000 ಡಾಲರ್ ಎಂದು ಹೇಳುತ್ತಾರೆ. ಮೂಕಿಚಿತ್ರಗಳ ಕಾಲದ ಅತಿ ದುಬಾರಿ ಶಾಟ್ ಎಂಬ ಹೆಸರು ಅದಕ್ಕಿದೆ. ಎರಡನೇ ಸಲ ತೆಗೆಯುವ ಮಾತೇ ಇರಲಿಲ್ಲ. ಬಿದ್ದ ಇಂಜಿನ್ ಅಲ್ಲೇ ವರ್ಷಗಟ್ಟಲೆ ಕಿಲುಬು ಹಿಡಿಯುತ್ತ ಬಿದ್ದಿತ್ತು, ಎರಡನೇ ಮಹಾಯುದ್ಧದ ಕಾಲದಲ್ಲಿ ಕಬ್ಬಿಣಕ್ಕಾಗಿ ಎತ್ತಿದರು.

ನನಗೆ ಇಷ್ಟವಾಗುವುದು ಆ ಕುಸಿತಕ್ಕಿಂತ ಅದರ ಹಿಂದುಮುಂದಿನ ಎರಡು ಚಿಕ್ಕ ಶಾಟುಗಳು. ಮೊದಲು ಉತ್ತರದ ಅಧಿಕಾರಿಯೊಬ್ಬ, ಸೇತುವೆ ಅಷ್ಟೇನೂ ಸುಟ್ಟಿಲ್ಲ, ರೈಲು ದಾಟುತ್ತದೆ ಎಂದು ಠೀವಿಯಿಂದ ಅಪ್ಪಣೆ ಕೊಡುತ್ತಾನೆ. ಇಂಜಿನ್, ಉಗಿ, ಬೆಂಕಿ, ತೊಲೆಗಳು ಎಲ್ಲ ಒಟ್ಟಿಗೆ ಹೊಳೆಗೆ ಬೀಳುತ್ತವೆ. ತಕ್ಷಣ ಮತ್ತೆ ಅಧಿಕಾರಿಯ ಮುಖ. ಅವನು ಏನೂ ಹೇಳುವುದಿಲ್ಲ. 42,000 ಡಾಲರ್ ಸುರಿದದ್ದು ಆ ಮುಖದ ಎರಡು ಕ್ಷಣಗಳಿಗಾಗಿ ಎಂದೇ ನಾನು ನಂಬಿದ್ದೇನೆ.

ಇಷ್ಟೆಲ್ಲ ಮಾಡಿದ ಚಿತ್ರ ತನ್ನ ಕಾಲದಲ್ಲಿ ಸೋತಿತು. 1926ರ ಕೊನೆಯ ದಿನ ಟೋಕಿಯೊದಲ್ಲಿ ಮೊದಲು ತೆರೆಕಂಡು, 1927ರ ಫೆಬ್ರವರಿಯಲ್ಲಿ ನ್ಯೂಯಾರ್ಕಿಗೆ ಬಂತು. ಸುಮಾರು ಏಳೂವರೆ ಲಕ್ಷ ಡಾಲರ್ ಖರ್ಚಾಗಿತ್ತು, ಅಮೆರಿಕದಲ್ಲಿ ಬಂದ ಗಳಿಕೆ ಐದು ಲಕ್ಷವನ್ನೂ ಮುಟ್ಟಲಿಲ್ಲ. ವಿಮರ್ಶಕರಿಗೆ ಉದ್ದವೆನಿಸಿತು, ಮಂದವೆನಿಸಿತು. ಯುದ್ಧದಲ್ಲಿ ಜನ ಸಾಯುವುದನ್ನು ತೋರಿಸಿ ನಗಿಸುವುದು ಅಭಿರುಚಿಹೀನ ಎಂದವರೂ ಇದ್ದರು. ಕೀಟನ್ 1928ರಲ್ಲಿ ತನ್ನ ಸ್ವತಂತ್ರ ಘಟಕ ಬಿಟ್ಟು ಎಂಜಿಎಂ ಸ್ಟುಡಿಯೋ ಸೇರಿದ, ಬೇಗನೇ ಅಲ್ಲಿ ತನ್ನ ಚಿತ್ರಗಳ ಮೇಲಿನ ಹಿಡಿತ ಕಳೆದುಕೊಂಡ. ಕುಡಿತ, ಮುರಿದ ಮದುವೆ, ಸಣ್ಣಪುಟ್ಟ ಪಾತ್ರಗಳು. ಜನ ಹೆಚ್ಚುಕಡಿಮೆ ಮರೆತೇಬಿಟ್ಟರು.

ಮರಳಿ ಬಂದ ಬಗೆಯೂ ಒಂದು ಗ್ಯಾಗಿನಂತಿದೆ. 1949ರಲ್ಲಿ ಲೇಖಕ ಜೇಮ್ಸ್ ಏಜಿ ‘ಲೈಫ್’ ಪತ್ರಿಕೆಯಲ್ಲಿ ಮೂಕಿ ಹಾಸ್ಯದ ಬಗ್ಗೆ ದೀರ್ಘ ಲೇಖನ ಬರೆದು ಕೀಟನ್ನನನ್ನು ನೆನಪಿಸಿದ. ಕೀಟನ್ ಸುಖದ ದಿನಗಳಲ್ಲಿ ಕಟ್ಟಿಸಿ ಆಮೇಲೆ ಕಳೆದುಕೊಂಡಿದ್ದ ದೊಡ್ಡ ಮನೆ ನಟ ಜೇಮ್ಸ್ ಮೇಸನ್ ಕೈಗೆ ಬಂದಿತ್ತು. ಅಲ್ಲಿ ಕೀಟನ್ ಚಿತ್ರಗಳ ಹಳೆಯ ಸುರುಳಿಗಳು ಸಿಕ್ಕವು. ರೇಮಂಡ್ ರೊಹಾವರ್ ಎಂಬ ಚಿತ್ರಸಂಗ್ರಾಹಕ ಸುರುಳಿಗಳನ್ನು ಉಳಿಸಿ ಮತ್ತೆ ತೆರೆಗೆ ತಂದ. 1965ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಸಭೆ ಎದ್ದು ನಿಂತು ಕೀಟನ್ನನಿಗೆ ಚಪ್ಪಾಳೆ ಹೊಡೆಯಿತು. ಮರುವರ್ಷದ ಫೆಬ್ರವರಿಯಲ್ಲಿ ಅವನು ತೀರಿಕೊಂಡ. 1989ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಮೊದಲ ಕಂತಿನಲ್ಲೇ ಆಯ್ಕೆಯಾದ ಚಿತ್ರಗಳಲ್ಲಿ ‘ದಿ ಜನರಲ್’ ಇತ್ತು.

ಇಂದು ನೋಡುವಾಗ ಮುಳ್ಳು ತಾಗುವ ಕಡೆಗಳೂ ಇವೆ, ಅವನ್ನು ಮುಚ್ಚಿಡಬಾರದು. ನಾಯಕ ದಕ್ಷಿಣದವನು, ಅಂದರೆ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಕಾದಾಡಿದ ಪಕ್ಷದವನು. ಯುದ್ಧದಲ್ಲಿ ಸೋತ ದಕ್ಷಿಣದವರನ್ನು ಖಳರನ್ನಾಗಿಸಿದರೆ ಪ್ರೇಕ್ಷಕರು ಒಪ್ಪಲಾರರು ಎಂಬುದು ಕೀಟನ್ನನ ಲೆಕ್ಕವಾಗಿತ್ತು. ಆ ಲೆಕ್ಕದಲ್ಲಿ ಯುದ್ಧ ಯಾತಕ್ಕಾಗಿ ನಡೆಯಿತು ಎಂಬ ಪ್ರಶ್ನೆಯನ್ನೇ ಒರೆಸಿಹಾಕಲಾಗಿದೆ. ಚಿತ್ರದ ಎಲ್ಲವನ್ನೂ ಕಾರ್ಯಕಾರಣದಿಂದ ಕಟ್ಟಿದವನು ಆ ಅತಿ ದೊಡ್ಡ ಕಾರಣದ ಹತ್ತಿರ ಮಾತ್ರ ಕ್ಯಾಮೆರಾ ಒಯ್ಯಲಿಲ್ಲ. ನನಗಿದು ಚಿತ್ರದ ನಿಜವಾದ ಕುಂದು.

ನಾಯಕಿಯ ವಿಷಯ ಸ್ವಲ್ಪ ಬೇರೆ. ಮೇರಿಯನ್ ಮ್ಯಾಕ್ ನಟಿಸಿದ ಆನಬೆಲ್, ಶತ್ರುಗಳು ಬೆನ್ನಟ್ಟುತ್ತಿರುವಾಗ ಇಂಜಿನ್ನಿನ ನೆಲ ಗುಡಿಸುತ್ತಾಳೆ. ತೂತಿದೆ ಎಂಬ ಕಾರಣಕ್ಕೆ ಒಂದು ಒಳ್ಳೆಯ ಸೌದೆಯನ್ನು ಹೊರಗೆಸೆದು, ಒಲೆಗೆ ಕಡ್ಡಿಯಷ್ಟು ತುಂಡು ಹಾಕುತ್ತಾಳೆ. ಜಾನಿ ರೇಗಿ ಒಂದು ಗಳಿಗೆ ಅವಳ ಕುತ್ತಿಗೆ ಹಿಡಿದು ಅಲುಗಿಸಿ, ಮರುಗಳಿಗೆ ಮುತ್ತು ಕೊಡುತ್ತಾನೆ. ಹೆಡ್ಡಿ ನಾಯಕಿಯ ಹಳೇ ಮಾದರಿ ಎಂದು ತಳ್ಳಿಹಾಕುವ ಮುಂಚೆ ಒಂದು ನೆನಪಿಡಿ. ಹಳಿಯ ಆಚೀಚೆಯ ಎರಡು ಗಿಡಗಳಿಗೆ ಅವಳು ಹಗ್ಗ ಕಟ್ಟುತ್ತಾಳೆ. ಇದೆಂಥ ಉಪಾಯ ಎಂದು ಜಾನಿ ತಾತ್ಸಾರ ಮಾಡುತ್ತಾನೆ. ಬೆನ್ನಟ್ಟಿ ಬಂದ ರೈಲು ಆ ಹಗ್ಗಕ್ಕೇ ಸಿಕ್ಕಿ ಗಿಡಗಳನ್ನು ಬೇರುಸಹಿತ ಎಳೆದುಕೊಂಡು ಒದ್ದಾಡುತ್ತದೆ. ಲೆಕ್ಕ ಅವಳಿಗೂ ಬರುತ್ತದೆ.

ನೋಡಬೇಕೆನ್ನುವವರಿಗೆ ಕಷ್ಟವಿಲ್ಲ. ಅಮೆರಿಕದಲ್ಲಿ ಚಿತ್ರದ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ, ಅಂತರ್ಜಾಲದಲ್ಲಿ ಪೂರ್ತಿ ಸಿಗುತ್ತದೆ. ಸುಮಾರು ಒಂದೂಕಾಲು ಗಂಟೆಯ ಚಿತ್ರ. ಹಿನ್ನೆಲೆ ಸಂಗೀತ ಪ್ರತಿಯಿಂದ ಪ್ರತಿಗೆ ಬೇರೆ. ಕಾರ್ಲ್ ಡೇವಿಸ್ ಸಂಯೋಜಿಸಿದ್ದೊಂದಿದೆ, ಜಪಾನಿನ ಜೋ ಹಿಸಾಯಿಶಿ ಮಾಡಿದ್ದೊಂದಿದೆ. ಮಸುಕಾದ, ವಿಪರೀತ ವೇಗವಾಗಿ ಓಡುವ ಪ್ರತಿ ಸಿಕ್ಕರೆ ಬಿಟ್ಟು ಬೇರೆಯದನ್ನು ಹುಡುಕಿ. ಎಲ್ಲ ಹಳೆಯ ಚಿತ್ರಗಳೂ ಚಕಚಕನೆ ಓಡುತ್ತವೆ ಎಂಬ ತಪ್ಪು ಕಲ್ಪನೆ ಬಂದದ್ದೇ ಇಂಥ ಪ್ರತಿಗಳಿಂದ. ಸಾಧ್ಯವಾದರೆ ಮೊದಲ ಸಲ ಸಂಗೀತ ಪೂರ್ತಿ ನಿಲ್ಲಿಸಿ ಹತ್ತು ನಿಮಿಷ ನೋಡಿ. ದೃಶ್ಯದ ಲಯ ತಾನೇ ಎಷ್ಟು ಹೊರುತ್ತದೆ ಎಂಬುದು ಆಗ ಗೊತ್ತಾಗುತ್ತದೆ.

ಕೊನೆಯ ದೃಶ್ಯ ಮತ್ತೆ ಅದೇ ದಂಡದ ಮೇಲೆ. ಈಗ ಜಾನಿಗೆ ಸಮವಸ್ತ್ರ ಸಿಕ್ಕಿದೆ, ಅಧಿಕಾರಿಯ ಪದವಿಯೇ ಸಿಕ್ಕಿದೆ. ಆನಬೆಲ್ ಪಕ್ಕದಲ್ಲಿ ಕೂತಿದ್ದಾಳೆ. ಮುತ್ತು ಕೊಡಲು ಬಾಗಿದರೆ ಒಬ್ಬ ಸೈನಿಕ ಎದುರಿಗೆ ಹಾದು ಸೆಲ್ಯೂಟ್ ಹೊಡೆಯುತ್ತಾನೆ. ಅಧಿಕಾರಿಯಾದವನು ತಿರುಗಿ ಸೆಲ್ಯೂಟ್ ಹೊಡೆಯಲೇಬೇಕು. ಮತ್ತೆ ಬಾಗುತ್ತಾನೆ, ಮತ್ತೊಬ್ಬ. ದೂರದಲ್ಲಿ ಇಡೀ ಪಾಳೆಯವೇ ಸಾಲುಗಟ್ಟಿ ಬರುತ್ತಿದೆ. ಜಾನಿ ಒಂದು ಕ್ಷಣ ಯೋಚಿಸಿ, ಹುಡುಗಿಯ ಆ ಪಕ್ಕಕ್ಕೆ ದಾಟಿ ಕೂರುತ್ತಾನೆ. ಈಗ ಬಲಗೈ ಬಿಡುವಾಯಿತು. ಮುಖ ಅವಳ ಕಡೆ ತಿರುಗಿದೆ, ತುಟಿಗಳು ಕೂಡಿವೆ, ಬಲಗೈ ಮಾತ್ರ ಯಾರನ್ನೂ ನೋಡದೆ ಏರುತ್ತದೆ, ಇಳಿಯುತ್ತದೆ, ಏರುತ್ತದೆ.